ನಾಲ್ಕನೆಯ ಅರ್ಜಿ

ಆ ರವಿವಾರ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನ ಹಾಗೆಯೇ ಇತ್ತು. ಪುಣೆಯ ಶನಿವಾರ ಪೇಟೆಯ, ಹಲವು ಬಿಡಾರಗಳಿದ್ದ ಒಂದು ವಾಡೆಯಲ್ಲಿ ನಮಗೆ ಎರಡು ಕೋಣೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಕೆಳಗೆ ನಳದ ಹತ್ತಿರ ಮರಾಠಿಯಲ್ಲಿ ಜಗಳ, ಮೇಲೆ ನಮ್ಮಲ್ಲಿ ಕನ್ನಡದಲ್ಲಿ ಜಗಳ. ನಮ್ಮ ಜಗಳದ ವಿಷಯ ಮಾತ್ರ ಹೊಸದು: ಮಗಳು ವತ್ಸಲೆ ಹಲ್ಲಿನ ಡಾಕ್ಟರಾಗಲು ಎಷ್ಟು ಕಾಲೇಜುಗಳಿಗೆ ಅರ್ಜಿ ಹಾಕಬೇಕು?

ಅವಳು ಇಂಟರ್ ಸಾಯನ್ಸ್ ಪಾಸಾಗಿದ್ದಳು. ಹಲ್ಲಿನ ಕಡೆಗೆ ಅವಳ ಮನಸ್ಸು ಹರಿದದ್ದು ತಾಯಿಯ ದವಡೆಯಿಂದ. ನನ್ನ ಹೆಂಡತಿ ವರ್ಷಗಟ್ಟಲೆ ಬಲಗಡೆಯಿಂದಲೇ ಅಗಿಯುತ್ತಿದ್ದಳು. ಎಡಗಡೆಗೆ ಲವಂಗ ಒತ್ತಿಕೊಂಡು ಕೂರುತ್ತಿದ್ದಳೇ ಹೊರತು ಗಂಡಸು ಡಾಕ್ಟರನ ಮುಂದೆ ಬಾಯಿ ತೆರೆಯಲು ಒಪ್ಪಲಿಲ್ಲ. “ನನ್ನ ಮಗಳು ಕಲ್ತು ಬರ್ಲಿ, ಆಕೀಗೇ ತೋರಸ್ತೀನಿ” ಎನ್ನುತ್ತಿದ್ದಳು. ಹೀಗೆ ನಮ್ಮ ಮನೆಯಲ್ಲಿ ಒಂದು ಹಲ್ಲು, ಮಗಳ ಪದವಿಗಾಗಿ ನೋವು ತಿನ್ನುತ್ತ ಕಾದಿತ್ತು.

ನನ್ನ ಅಭಿಪ್ರಾಯ ಒಂದೇ ಅರ್ಜಿ ಸಾಕು ಎಂದು. ಮುಂಬಯಿಗೆ ಬೆಳಿಗ್ಗೆ ಹೋದರೆ ಅದೇ ದಿನ ತಿರುಗಿ ಬರಬಹುದು. ನನ್ನ ಕಚೇರಿಯ ಗೋಡಬೋಲೆಯವರೂ “ಏಕಚ್ ಪುರೇ”, ಒಂದೇ ಸಾಕು, ಎಂದಿದ್ದರು; ಹುಡುಗಿಗೆ ಆ ಒಂದೂ ಬೇಡ ಎಂಬುದು ಅವರ ಮುಖದ ಮೇಲಿತ್ತು. ವತ್ಸಲೆಯದು ಮೂರು: ಮುಂಬಯಿ, ಕಲಕತ್ತೆ, ಲಾಹೋರ. ನಾವು ವಿಚಾರಿಸಿದ ಮಟ್ಟಿಗೆ ಅಂಥ ಕಾಲೇಜು ಇದ್ದ ಊರುಗಳೂ ಅಷ್ಟೇ.

ಆದರೆ ನನ್ನ ಹೆಂಡತಿಗೂ ಮೂರಕ್ಕೂ ಆಗದು. ಬಾಯಿಯಲ್ಲಿ ಮೂವತ್ತೆರಡನ್ನು ಇಟ್ಟುಕೊಂಡು ಓಡಾಡುವ ಮನುಷ್ಯರು ಮೂರಕ್ಕೆ ಹೆದರುವುದು ವಿಚಿತ್ರ. ಆದರೂ ಅಂಕಿಗಳ ಜೊತೆ ನಮ್ಮವರ ವ್ಯವಹಾರವೇ ಹಾಗೆ. ನಮ್ಮ ಧಾರವಾಡದ ಕಡೆಯ ಕಾಳಿನ ವ್ಯಾಪಾರಿ ಅಳೆಯಲು ಕೂತರೆ ಒಂದು ಎನ್ನುವುದಿಲ್ಲ, ‘ಲಾಭ’ ಎಂದು ಶುರುಮಾಡುತ್ತಾನೆ. ತಾಟಿಗೆ ಮೂರನೆಯ ರೊಟ್ಟಿ ಬೀಳುವಾಗ ಅದರಿಂದ ಒಂದು ಚೂರು ಮುರಿದು ಪಕ್ಕಕ್ಕಿಡಬೇಕು, ಆಗ ನಾಲ್ಕಾಯಿತು. ಮೂವರು ಕೂಡಿ ಹೊರಗೆ ಹೊರಡಬಾರದು. ಹೊರಡಲೇಬೇಕಾದರೆ ಒಂದು ಕಲ್ಲನ್ನು ಜೊತೆಗೆ ಒಯ್ಯಬೇಕು. ನಮ್ಮ ಮನೆಯಲ್ಲಿದ್ದವರೇ ಮೂವರು. ಆದ್ದರಿಂದ ಮುಠಾ ಹೊಳೆಯಿಂದ ತಂದ ಒಂದು ನುಣುಪು ಕಲ್ಲು ಬಾಗಿಲ ಪಕ್ಕದ ಗೂಡಿನಲ್ಲಿ ಇರುತ್ತಿತ್ತು. ವತ್ಸಲೆ ಚಿಕ್ಕವಳಿದ್ದಾಗ ಅದಕ್ಕೆ ಕಲ್ಲಪ್ಪ ಎಂದು ಹೆಸರಿಟ್ಟಿದ್ದಳು. ಪರ್ವತಿ ಗುಡ್ಡಕ್ಕಾಗಲಿ, ತುಳಸೀಬಾಗದ ಪೇಟೆಗಾಗಲಿ ಹೊರಟಾಗ ನನ್ನ ಹೆಂಡತಿ ಕೀಲಿ ಹಾಕುವ ಮೊದಲು ಕೇಳುವಳು: “ಕಲ್ಲಪ್ಪ ಬಂದನೇನ?” ನಾನು ನಾಲ್ಕಕ್ಷರ ಕಲಿತವನು, ಇದನ್ನೆಲ್ಲ ನಂಬುವವನಲ್ಲ. ದಾರಿಯಲ್ಲಿ ಕಲ್ಲು ಇರುತ್ತಿದ್ದದ್ದು ಮಾತ್ರ ನನ್ನ ಕೋಟಿನ ಜೇಬಿನಲ್ಲಿ.

“ಮೂರು ಬ್ಯಾಡವ್ವಾ,” ಎಂದಳು ನನ್ನ ಹೆಂಡತಿ ಆ ರವಿವಾರವೂ. “ಎರಡು ಹಾಕು, ಇಲ್ಲಾ ನಾಕು ಹಾಕು.”

“ನಾಕನೇದು ಎಲ್ಲದ ಅವ್ವಾ? ನೀ ಒಂದು ಕಟ್ಟಸ್ತೀಯೇನು?”

ಹೆಂಡತಿ ನನ್ನ ತಾಟಿಗೆ ಮೂರನೆಯ ರೊಟ್ಟಿ ಹಾಕುತ್ತ ಅದರ ಅಂಚು ಮುರಿದಿಟ್ಟಳು. “ಮುಂಬಯಿಗೆ ಎರಡು ಹಾಕು. ಟಪಾಲಿನ್ಯಾಗ ಒಂದು ಕಳದ್ರ ಇನ್ನೊಂದು ಇರ್ತದ.”

“ಒಬ್ಬಾಕೀವು ಎರಡು ಅರ್ಜಿ ಬಂದ್ರ ಆಫೀಸಿನ್ಯಾಗ ನಗ್ತಾರ,” ಎಂದೆ.

“ನಗ್ಲಿ ಬಿಡ್ರಿ. ನಕ್ರ ಹಲ್ಲು ಕಾಣ್ತಾವ. ಅವರಿಗೆ ಅದ ಬೇಕಲ್ಲ?”

ಅದು ಅವಳು ಗೆದ್ದ ಕೊನೆಯ ವಾದ. ಸೋಮವಾರ ಜ್ವರ ಬಂತು. ಮುಂದಿನ ರವಿವಾರಕ್ಕೆ ಅವಳು ಇರಲಿಲ್ಲ.

ಕರ್ಮಗಳು ಮುಗಿದು ನೆಂಟರು ಧಾರವಾಡದ ಗಾಡಿ ಹತ್ತಿದ ಮೇಲೆ ವತ್ಸಲೆ ತನ್ನ ಲೆಕ್ಕವನ್ನು ಬದಲಿಸಿದಳು. “ಒಂದೂ ಬ್ಯಾಡ ಅಪ್ಪಾ. ನಾ ಹೋದ್ರ ನಿಮಗ ಊಟಕ್ಕ ಹಾಕೋರು ಯಾರು?” ಮದುವೆ ಮಾಡಿಬಿಡಿ ಎಂದು ನೆಂಟರೂ ಹೇಳಿ ಹೋಗಿದ್ದರು. ಅರ್ಜಿ ತಲುಪಿಸುವ ಅವಧಿ ಮುಗಿಯುತ್ತ ಬಂದಿತ್ತು. ಒಂದೇ ಸಾಕು ಎಂದು ವಾದಿಸಿದ್ದ ನಾನು “ನಾಕೂ ಹಾಕು” ಎಂದೆ. ನನ್ನ ಅಡಿಗೆ ನಾನು ಮಾಡಿಕೊಳ್ಳುತ್ತೇನೆ ಎಂದು ತೋರಿಸಲು ಅಂದೇ ರೊಟ್ಟಿ ಬಡಿದೆ. ಅದು ತವೆಗೆ ಹೋಗುವಾಗಲೇ ನಾಲ್ಕು ಚೂರಾಯಿತು. ಬಹಳ ದಿನಗಳ ಮೇಲೆ ಅವಳು ನಕ್ಕಳು, ನಕ್ಕವಳು ಅತ್ತಳು, ಅತ್ತು ಮುಗಿಸಿ ಅರ್ಜಿ ಬರೆಯಲು ಕೂತಳು.

ಕಲಕತ್ತೆಯಿಂದ ಉತ್ತರ ಬರಲಿಲ್ಲ. ಲಾಹೋರದವರು ಜಾಗವಿಲ್ಲ ಎಂದರು. ಮುಂಬಯಿಯವರು ಭೆಟ್ಟಿಗೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ನಡೆದದ್ದನ್ನು ಅವಳು ತಿರುಗಿ ಬರುವಾಗ ರೈಲಿನಲ್ಲಿ ಹೇಳಿದಳು. ಸಾಹೇಬರ ಮೇಜಿನ ಮೇಲೆ ಎರಡೂ ಅರ್ಜಿಗಳಿದ್ದವಂತೆ. ಇವೇಕೆ ಎರಡು ಎಂದು ಕೇಳಿದರಂತೆ.

“ನೀ ಏನಂದಿ?”

“ಒಂದು ನಂದು, ಒಂದು ನಮ್ಮವ್ವಂದು ಅಂದೆ.”

ಸಾಹೇಬರು ನಗಲಿಲ್ಲವಂತೆ. ಸೀಟು ಸಿಕ್ಕಿತು.

ಮೂರರ ದೋಷವೇ ನಮಗೆ ತಟ್ಟಿತೇನೋ ಎಂದವರಿದ್ದಾರೆ. ನಾನು ವಾದಿಸುವುದಿಲ್ಲ. ಹೊರಗೆ ಹೋದಾಗಲೆಲ್ಲ ನಾವು ಕಲ್ಲಿನ ಸಹಿತ ನಾಲ್ವರೇ ಆಗಿದ್ದೆವು. ಮನೆಯೊಳಗೆ ಕೂತಾಗ ಮಾತ್ರ ಎಣಿಸಿಕೊಂಡಿರಲಿಲ್ಲ.

ಮುಂಬಯಿಯ ಕಾಲೇಜಿನ ವಸತಿಗೃಹಕ್ಕೆ ಅವಳನ್ನು ಬಿಡಲು ಹೊರಟ ಬೆಳಿಗ್ಗೆ ಟಾಂಗಾ ಬಂದು ನಿಂತಿತ್ತು. ನಾನು ಕೀಲಿ ಹಿಡಿದು ನಿಂತೆ. ವತ್ಸಲೆ ರೂಢಿಯಂತೆ ಗೂಡಿಗೆ ಕೈ ಹಾಕಿ ಕಲ್ಲನ್ನು ತೆಗೆದಳು. ಆಮೇಲೆ ನನ್ನನ್ನು ನೋಡಿದಳು. ನಾನೂ ಎಣಿಸಿದೆ. ಈಗ ಕಲ್ಲನ್ನು ಒಯ್ದರೇ ಮೂವರಾಗುತ್ತಿದ್ದೆವು.

ಅವಳು ಅದನ್ನು ಸೆರಗಿನಿಂದ ಒರೆಸಿ ತಿರುಗಿ ಇಟ್ಟಳು. ಕಲ್ಲಪ್ಪ ಈಗಲೂ ಅಲ್ಲಿಯೇ ಇದ್ದಾನೆ. ‘ಬಂದನೇನ?’ ಎಂದು ಕೇಳುವವಳು ಇಲ್ಲ.