ಯಾರೂ ತೆರೆಯದ ಡಿಸ್ಕು

ಓದಿ ನಗುವವರು ನಗಲಿ. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು, ಇಲ್ಲದ್ದನ್ನು ಕಟ್ಟಿ ಹೇಳುವಷ್ಟು ಬುದ್ಧಿ ನನಗಿಲ್ಲ. ಬನಹಟ್ಟಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ನನ್ನ ಕಣ್ಣೆದುರು ಆದದ್ದು ಇದು. ನನ್ನ ಪಕ್ಕದಲ್ಲಿ ಮೊಮ್ಮಗಳು ರೂಪಾ ಇದ್ದಳು. ಅವಳನ್ನೂ ಕೇಳಿ ನೋಡಿ.

ಮೊದಲು ಅವಳ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ಹಿಡಿಯುವುದಿಲ್ಲ. ಎಂಥ ಹುಡುಗಿ ಅಂತೀರಿ! ಸೀರೆಯ ದಡಿ, ಸೆರಗಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾಳೆ. ರಬಕವಿಯ ಮಾಲಕರು ಅವಳನ್ನು ಹುಡುಕಿಕೊಂಡು ನಮ್ಮ ಓಣಿಗೆ ಬರುತ್ತಾರೆ. ಬಂದವರಿಗೆಲ್ಲ ನಾನು ಚಹಾ ಕೊಟ್ಟು, ಅವರು ಕೇಳಲಿ ಬಿಡಲಿ, ಇವಳು ನನ್ನ ಮೊಮ್ಮಗಳು ಎಂದು ಹೇಳಿಯೇ ಕಳಿಸುತ್ತೇನೆ.

ಈ ಕೆಲಸ ಅವಳ ಅಪ್ಪನದು, ಅಂದರೆ ನನ್ನ ಮಗ ಶಂಕರನದು. ಮೊದಲು ಚೌಕುಳಿ ಹಾಳೆಯ ಮೇಲೆ ಬರೆಯುತ್ತಿದ್ದ. ಆಮೇಲೆ ಕಂಪ್ಯೂಟರು ತಂದು ಎಲ್ಲವನ್ನೂ ಅದರಲ್ಲಿ ಇಟ್ಟ. ಹಾಳೆಗಳನ್ನು ಗೆದ್ದಲು ತಿಂದಿತ್ತು. ಆಮೇಲೆ ಅವನೂ ಹೋದ. ಎದೆ ಹಿಡಿದುಕೊಂಡು ಕೂತವನು ಮೇಲೆ ಏಳಲಿಲ್ಲ.

ನಾನು ಅಳಲಿಲ್ಲ. ಬಂದವರು ಅಳು ಎಂದರು, ಬರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದೆ, ಸುಟ್ಟದ್ದು ಗೊತ್ತಾಗುತ್ತಿರಲಿಲ್ಲ. ಉಂಡರೆ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತಿರಲಿಲ್ಲ. ಎರಡು ವರ್ಷ ಹಾಗೇ ಕಳೆದೆ... ತೊಳೆದಿಟ್ಟ ಬೋಗುಣಿಯ ಹಾಗೆ.

ಆ ಮಳೆಗಾಲದಲ್ಲಿ ಕಂಪ್ಯೂಟರು ಸದ್ದು ಮಾಡತೊಡಗಿತು. ಟಕ್... ಟಕ್... ಒಳಗಿನ ಡಿಸ್ಕು ಸವೆದಿದೆ, ಇವತ್ತೋ ನಾಳೆಯೋ ನಿಂತುಹೋಗುತ್ತದೆ ಎಂದು ಜಮಖಂಡಿಯ ರಿಪೇರಿಯವನು ಹೇಳಿದ. ಶಂಕರ ಬರೆದದ್ದೆಲ್ಲ ಆ ಒಂದು ಡಬ್ಬಿಯಲ್ಲಿತ್ತು. ಬೇರೆಲ್ಲಿಯೂ ಇರಲಿಲ್ಲ. ಅದು ಹೋದರೆ ರೂಪಾಳ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚು, ಅವನ ಕೈ ಹೋಗುತ್ತದೆ. ಆ ಮನುಷ್ಯನ ಕೈಯೊಂದೇ ಉಳಿದಿತ್ತು ನಮಗೆ.

ರೂಪಾ ಹೊಸ ಡಿಸ್ಕು ತಂದಳು. ಹಳೆಯದರಿಂದ ಹೊಸದಕ್ಕೆ ಇದ್ದದ್ದನ್ನು ಇದ್ದ ಹಾಗೇ ಇಳಿಸಬೇಕು. ಸೊಸೆ ತಮ್ಮನ ಮನೆಗೆಂದು ಹುನ್ನೂರಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಹಗಲೆಲ್ಲ ಕರೆಂಟು ಹೋಗಿ ಬಂದು ಮಾಡಿತು, ಹೀಗಾಗಿ ರಾತ್ರಿ ಕೂತೆವು.

ಅದು ಬಣ್ಣದ ಪರದೆಯ ಕೆಲಸ ಅಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಸಾಲು ಬರೆದು ಗುಂಡಿ ಒತ್ತಿದರೆ ಯಂತ್ರ ಮಾಡುತ್ತದೆ. ಆ ಸಾಲನ್ನು ಅವಳು ನನಗೆ ಬಿಡಿಸಿ ಹೇಳಿದಳು. ಮೊದಲ ಪದ ಕೆಲಸದ ಹೆಸರು. ಎರಡನೆಯದು ಎಲ್ಲಿಂದ ತೆಗೆಯಬೇಕು ಎನ್ನುವುದು. ಮೂರನೆಯದು ಎಲ್ಲಿಗೆ ಹಾಕಬೇಕು ಎನ್ನುವುದು. ಒಂದು ಪದ ಬಿಟ್ಟರೆ, ಸಾಲನ್ನು ಹೇಗೆ ಬರೆಯಬೇಕೆಂದು ತಾನೇ ಪಾಠ ಹೇಳಿ ಸುಮ್ಮನಾಗುತ್ತದಂತೆ.

ಪದಗಳು ಹಿಂದುಮುಂದಾದರೆ ಏನಾಗುತ್ತದೆ ಎಂದು ಕೇಳಿದೆ.

“ಅದಕ್ಕ ತಿಳಿಯಂಗಿಲ್ಲ ಆಯಿ,” ಅಂದಳು. “ಯಾವುದು ಅಪ್ಪಂದು, ಯಾವುದು ಖಾಲಿ ಅಂತ ಅದಕ್ಕೇನ ಗೊತ್ತು? ಜಾಗಾ ನೋಡತೈತಿ ಅಷ್ಟ. ಹಿಂದಮುಂದ ಆದ್ರ ಖಾಲಿದನ್ನ ತಗದು ಅಪ್ಪನ ಮ್ಯಾಲ ಬಳೀತೈತಿ.”

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುವ ಹೊತ್ತಿಗೆ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಹೊಸೆದು ಕೂಡಿಸಬೇಕು. ಮುಂದೆ ಕೂತವರು “ಹೊಸದು... ಹಳೇದು...” ಎನ್ನುತ್ತ ಎಳೆ ಹಿಡಿಯುತ್ತಾರೆ. ಹಿಂದೆ ಕೂತವರು ನೋಡಿ “ಹೂಂ” ಎನ್ನಬೇಕು. ಹೂಂ ಬರದೆ ಮುಂದಿನವರು ಹೊಸೆಯುವಂತಿಲ್ಲ. ಶಂಕರ ಮುಂದೆ, ನಾನು ಹಿಂದೆ, ಎಷ್ಟು ಹಾಸು ಕೂಡಿಸಿದ್ದೇವೋ ಲೆಕ್ಕವಿಲ್ಲ. ರೂಪಾ ನನ್ನ ತೊಡೆಯ ಮೇಲೆ ಕೂತು ಕೇಳುತ್ತ ಬೆಳೆದವಳು.

ಆ ರಾತ್ರಿಯೂ ಹಾಗೇ ಮಾಡೋಣ ಎಂದಳು. ಅವಳು ಓದುವುದು, ನಾನು ಹೂಂ ಅನ್ನುವುದು. ಹಳೆಯ ಡಿಸ್ಕಿನ ತಂತಿಗೆ ಕೆಂಪು ನೂಲು, ಹೊಸದಕ್ಕೆ ಬಿಳಿ ನೂಲು ಕಟ್ಟಿದ್ದಳು.

ಸಾಲು ಬರೆಯುತ್ತಿದ್ದಾಗಲೇ ಕರೆಂಟು ಹೋಯಿತು.

ನಮ್ಮ ಓಣಿಯಲ್ಲಿ ವಿದ್ಯುತ್ ಮಗ್ಗಗಳ ಸದ್ದು ರಾತ್ರಿಯೂ ನಿಲ್ಲುವುದಿಲ್ಲ. ಒಮ್ಮೆಲೇ ಎಲ್ಲ ನಿಂತವು. ಕಿವಿಯಲ್ಲಿ ಅರಳೆ ತುರುಕಿದ ಹಾಗಾಯಿತು. ಬ್ಯಾಟರಿಯ ಮೇಲೆ ಕಂಪ್ಯೂಟರು ಮಾತ್ರ ನಡೆದಿತ್ತು. ಆ ಮೌನದಲ್ಲಿ ಡಿಸ್ಕಿನ ಸದ್ದು ಮೊದಲ ಸಲ ಸರಿಯಾಗಿ ಕೇಳಿತು. ಟಕ್... ಟಕ್... ಸ್ವಲ್ಪ ತಡೆದು, ಟಕ್.

ನನಗೆ ಆ ನಡಿಗೆ ಗೊತ್ತಿತ್ತು. ಶಂಕರನ ಎಡಗಾಲು ಸ್ವಲ್ಪ ಸೋತಿತ್ತು. ಕೈಮಗ್ಗ ತುಳಿಯುವಾಗ ಪ್ರತಿ ಮೂರನೆಯ ತುಳಿತ ತಡವಾಗುತ್ತಿತ್ತು. ಓಣಿಯ ಆ ತುದಿಯಿಂದಲೇ ಇದು ಶಂಕರನ ಮಗ್ಗ ಎಂದು ಹೇಳುತ್ತಿದ್ದರು.

ರೂಪಾಳ ಹತ್ತಿರಕ್ಕೆ ಸರಿದು ಕೂತೆ. ಹುಡುಗಿ ಹೆದರಬಾರದು.

“ಹೊಸದು... ಹಳೇದು...” ಎಂದು ರೂಪಾ ಬೆರಳಿಟ್ಟು ಓದಿದಳು.

“ಹೂಂ,” ಅಂದೆ.

ಗುಂಡಿ ಒತ್ತಿದಳು. ಯಂತ್ರ ಒಪ್ಪಲಿಲ್ಲ. ಒಂದು ಸಾಲು ಉತ್ತರ ಬಂತು. ಅವಳು ಓದಿ, ಮತ್ತೊಮ್ಮೆ ಓದಿ, ತಿರುಗದೆಯೇ ಮೆಲ್ಲಗೆ ಹೇಳಿದಳು.

“ಹಳೇ ಡಿಸ್ಕ ಬಳಕಿಯೊಳಗ ಐತಂತ ಆಯಿ. ಯಾರೋ ಅದರಾಗ ಕೆಲಸಾ ಮಾಡಾಕತ್ತಾರಂತ.”

“ಯಾರ?”

“ಅದನ್ನ ಹೇಳಂಗಿಲ್ಲ ಅದು.”

ಕಂಪ್ಯೂಟರಿನಲ್ಲಿ ಯಾವುದಾದರೂ ಕಿಟಕಿ ತೆರೆದಿರಬಹುದೆಂದು ಹುಡುಕಿದಳು. ಏನೂ ತೆರೆದಿರಲಿಲ್ಲ. ಡಿಸ್ಕನ್ನು ಯಾರು ಹಿಡಿದಿದ್ದಾರೆಂದು ಯಂತ್ರವನ್ನೇ ಕೇಳಿದಳು. ಯಾರೂ ಇಲ್ಲ ಎಂದಿತು. ಮತ್ತೆ ಅದೇ ಸಾಲು ಕೊಟ್ಟಳು. ಬಳಕೆಯಲ್ಲಿದೆ ಎಂದಿತು. ಆಗ ಕೋಣೆಯಲ್ಲಿ ವಾಸನೆ ಬಂತು. ಹಾಸಿನ ನೂಲಿಗೆ ಹಚ್ಚುವ ಹಸಿ ಗಂಜಿಯ ವಾಸನೆ. ಶಂಕರ ಹೋದ ಮೇಲೆ ಕೈಮಗ್ಗ ಮಾರಿದ್ದೆವು. ಎರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಗಂಜಿ ಕಾಸಿರಲಿಲ್ಲ.

ಬ್ಯಾಟರಿ ಕೂಗತೊಡಗಿತು. ಅದು ಸತ್ತರೆ ಹಳೆಯ ಡಿಸ್ಕು ಮತ್ತೆ ಎದ್ದು ತಿರುಗುತ್ತದೋ ಇಲ್ಲವೋ.

“ಇನ್ನೊಂದ ಪದಾ ಐತಿ,” ಅಂದಳು ರೂಪಾ. “ಸಾಲಿನಾಗ ಅದನ್ನ ಸೇರಿಸಿದ್ರ, ಯಾರರೇ ಹಿಡಕೊಂಡಿರಲಿ, ಕಸಗೊಂಡು ಮಾಡತೈತಿ. ಕೇಳಂಗಿಲ್ಲ.”

ಬರೆದಳು. ಬೆರಳು ಗುಂಡಿಯ ಮೇಲೆ ಇಟ್ಟಳು. “ಹೊಸದು... ಹಳೇದು... ಹೂಂ ಅನ್ನಬೇ ಆಯಿ.”

ನಾನು ಬಾಯಿ ತೆರೆದೆ. ನಾಲಗೆ ಹೊರಳಲಿಲ್ಲ. ಹೆದರಿದ್ದೆ ಎನ್ನುವ ಹಾಗೂ ಇಲ್ಲ, ಹೆದರಿಕೆ ನನಗೆ ತಿಳಿಯುತ್ತಲೇ ಇರಲಿಲ್ಲ. ಬಾಯಿ ಕಟ್ಟಿಗೆಯಾಗಿತ್ತು. ಅಷ್ಟರಲ್ಲಿ ಟಕ್ ಟಕ್ ನಿಂತಿತು. ಕೆಟ್ಟು ನಿಂತ ಹಾಗಲ್ಲ... ಮಗ್ಗದಲ್ಲಿ ಕೂತವರು, ಬಾಗಿಲಲ್ಲಿ ಯಾರೋ ಬಂದರೆಂದು ಕಾಲು ತಡೆದು ತಲೆ ಎತ್ತುತ್ತಾರಲ್ಲ, ಹಾಗೆ.

ಹೂಂ ಬರದ ಕಾರಣ ರೂಪಾ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಪರದೆ ನೋಡಿದಳು. ಬೆರಳನ್ನು ಬೆಂಕಿಯಿಂದ ತೆಗೆದ ಹಾಗೆ ಹಿಂದಕ್ಕೆಳೆದಳು.

“ಆಯಿ... ಉಲ್ಟಾ ಬರದೇನಿ.”

ಹೊಸದು ಮೊದಲು, ಹಳೆಯದು ಆಮೇಲೆ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಗ್ಗದ ಸಾಲನ್ನೇ ಅವಳ ಬೆರಳು ಬರೆದಿತ್ತು. ನನ್ನ ಕಿವಿಗೂ ಅದೇ ಸರಿ ಅನ್ನಿಸಿತ್ತು. ಯಂತ್ರಕ್ಕೆ ಅದರ ಅರ್ಥ ಬೇರೆ. ಬಳಕೆಯಲ್ಲಿದೆ ಎಂದು ತಡೆಯದೇ ಹೋಗಿದ್ದರೆ, ನನ್ನ ಹೂಂ ಕೇಳಿದ ಮೊದಲ ಸಲವೇ ಶಂಕರನ ಕೈ ಅಳಿಸಿಹೋಗುತ್ತಿತ್ತು.

ಅದನ್ನು ಅಳಿಸಿ, ಹಳೆಯದು ಮೊದಲು, ಹೊಸದು ಆಮೇಲೆ ಎಂದು ಬರೆದಳು. ಒತ್ತಾಯದ ಪದ ಹಾಕಲಿಲ್ಲ. “ಹಳೇದು... ಹೊಸದು...”

“ಹೂಂ,” ಅಂದೆ. ಈ ಸಲ ಬಂತು.

ಯಂತ್ರ ಒಂದು ಮಾತೂ ಆಡದೆ ಒಪ್ಪಿತು. ಟಕ್... ಟಕ್... ಸ್ವಲ್ಪ ತಡೆದು, ಟಕ್. ಬ್ಯಾಟರಿ ಕೂಗುತ್ತಲೇ ಇತ್ತು, ಸಾಯಲಿಲ್ಲ. ನಾವು ಒಬ್ಬರ ಕೈ ಒಬ್ಬರು ಹಿಡಿದು ಕೂತೆವು. ಕರೆಂಟು ಬಂದು ಓಣಿಯ ಮಗ್ಗಗಳೆಲ್ಲ ಮತ್ತೆ ಗದ್ದಲ ಎಬ್ಬಿಸಿದಾಗ ಮುಕ್ಕಾಲು ಕೆಲಸ ಆಗಿತ್ತು.

ಬೆಳಕು ಹರಿಯುವ ಮೊದಲು ರೂಪಾ ಹೊಸ ಡಿಸ್ಕಿನಿಂದ ಒಂದೊಂದೇ ತೆಗೆದು ತೋರಿಸಿದಳು. ದಡಿ, ಸೆರಗು, ಅವನ ಬಳ್ಳಿ, ಅವನ ನವಿಲು, ಎಲ್ಲ ಇದ್ದವು. ನನ್ನ ಬಂಗಾರದಂಥ ಹುಡುಗಿ ಅಪ್ಪನನ್ನು ಹೊತ್ತು ದಾಟಿಸಿಬಿಟ್ಟಿದ್ದಳು! ಅವಳ ತಲೆ ಹಿಡಿದು ಮುದ್ದಿಟ್ಟೆ. ಎರಡು ವರ್ಷ ಬಾರದ ಕಣ್ಣೀರು ಆಗ ಬಂತು, ಅವಳ ಕೂದಲೆಲ್ಲ ತೊಯ್ದುಹೋಯಿತು. ಸಾಕು ಬಿಡಬೇ ಎಂದು ನಕ್ಕಳು.

ಜಮಖಂಡಿಯವನಿಗೆ ಆಮೇಲೆ ಎಲ್ಲ ಹೇಳಿದಳು. ಏನಾದರೂ ತೆರೆದಿಟ್ಟಿರಬೇಕು ನೀನು ಎಂದ. ಇಲ್ಲ ಎಂದಳು. ಹಿಡಿದುಕೊಂಡಿದ್ದರೆ ಯಾರು ಹಿಡಿದಿದ್ದಾರೆಂದು ಕೇಳಿದಾಗ ಯಂತ್ರ ಹೇಳಲೇಬೇಕಲ್ಲ ಎಂದು ತಲೆ ಕೆರೆದುಕೊಂಡ. 

ಹಳೆಯ ಡಿಸ್ಕನ್ನು ಅದೇ ವಾರ ಬಿಚ್ಚಿದೆವು. ಬಳಕೆಯಲ್ಲಿದೆ ಎಂದು ಯಂತ್ರ ಅನ್ನಲಿಲ್ಲ. ಒಂದೇ ಮಾತಿಗೆ ಬಿಟ್ಟುಕೊಟ್ಟಿತು.

ಕೆಲವು ದಿನದ ಮೇಲೆ ಒಂದು ಸಂಜೆ, ಇನ್ನೊಂದು ಪ್ರತಿ ಮಾಡಿಸಲೆಂದು ಹೊಸ ಡಿಸ್ಕನ್ನು ತೆಗೆಯಲು ಹೋದಳು ರೂಪಾ. ಎಲ್ಲ ಕಿಟಕಿ ಮುಚ್ಚಿ, ಬಿಡು ಎಂದು ಯಂತ್ರಕ್ಕೆ ಹೇಳಿದಳು. ಪರದೆಯ ಮೇಲೆ ಒಂದು ಸಾಲು ಉತ್ತರ ಬಂತು. ನಾನು ಹತ್ತಿರ ಹೋದೆ. ಇಂಗ್ಲಿಷ್ ಅಕ್ಷರ ನನಗೆ ಓದಲು ಬರುವುದಿಲ್ಲ, ಆದರೆ ಆ ಸಾಲಿನ ಆಕಾರ ಆ ರಾತ್ರಿಯಿಂದ ನನಗೆ ಗೊತ್ತಿತ್ತು.

ಹೊಸ ಡಿಸ್ಕಿಗೆ ಟಕ್ ಎನ್ನುವ ಸದ್ದಿಲ್ಲ. ಅದು ಬೆಣ್ಣೆಯ ಹಾಗೆ ತಿರುಗುತ್ತದೆ. ನಾನು ಕಿವಿ ಕೊಟ್ಟು ನಿಂತೆ... ಏನೂ ಕೇಳಲಿಲ್ಲ.

“ಹಿಂಗ ಜಗ್ಗಿ ತಗೀಲೇನ ಆಯಿ?” ಎಂದಳು, ಕೈ ತಂತಿಯ ಮೇಲಿತ್ತು.

“ಬ್ಯಾಡ ಯವ್ವಾ,” ಅಂದೆ. “ಕೆಲಸಾ ನಡದೈತಿ.”

ದೀಪ ಆರಿಸದೆ ಇಬ್ಬರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆವು. ಚಿಲಕ ಹಾಕಲು ಇಬ್ಬರಿಗೂ ಕೈ ಬರಲಿಲ್ಲ.