ಅವ್ವನ ಕೆಮ್ಮಿಗೆ ವಿಮೆ ಇಲ್ಲ

ಗೆಳತಿಯರೇ, ಇದನ್ನು ನಿಮಗೂ ಹೇಳದೆ ಬಿಡುತ್ತಿದ್ದೆ. ಅವ್ವನ ಕೆಮ್ಮನ್ನು ಮೊದಲ ಸಲ ರೋಗವೆಂದು ಬರೆದವಳು ನಾನು, ಅದೂ ವಿಮೆಯ ಅರ್ಜಿಯಲ್ಲಿ.

ಮಸ್ಕತ್ತಿನಲ್ಲಿರುವ ತಂಗಿ ಮದುವೆಯಾದ ಹನ್ನೆರಡು ವರ್ಷಕ್ಕೆ ಬಸುರಿ. ಬಾಣಂತನಕ್ಕೆ ಅವ್ವ ಆರು ತಿಂಗಳು ಅಲ್ಲಿರಬೇಕು. ಆರೋಗ್ಯ ವಿಮೆ ಮಾಡಿಸಲೆಂದು ಇಂದು ರಾಣೆಬೆನ್ನೂರಿನ ಏಜೆಂಟರ ಮುಂದೆ ಕುಳಿತಿದ್ದೆವು.

"ಹಳೇ ರೋಗ ಏನರ ಅದಾವೇನ್ರಿ, ಅಮ್ಮಾರ?"

"ಏನೂ ಇಲ್ರಿ," ಎನ್ನುವಷ್ಟರಲ್ಲೇ ಅವ್ವ ಕೆಮ್ಮಿದಳು.

ಏಜೆಂಟರು ನಕ್ಕರು. "ಬ್ಯಾಡಗಿಯವ್ರಲ್ಲ? ಮೆಣಸಿನಕಾಯಿ ಧೂಳು. ಅದನ್ನ ಯಾರೂ ಬರ್ಸೂದಿಲ್ಲ ಬಿಡ್ರಿ."

ಅವ್ವ ಮೂವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಚಳಿಗಾಲದಲ್ಲಿ ಕೂತೇ ನಿದ್ದೆ ಮಾಡುತ್ತಾಳೆ. ಬಚ್ಚಿಟ್ಟರೆ ಇಡೀ ಪಾಲಿಸಿಯೇ ರದ್ದಾದೀತೆಂದು ಹೆದರಿ, ಉಬ್ಬಸವೆಂದು ಬರೆದೆ.

"ಹಂಗಾರ ದೊಡ್ಡ ಪಾಲಿಸಿ ತಗೋರಿ, ಸಣ್ಣದು ತಗೋರಿ, ಉಸಿರಿನ ತ್ರಾಸಿಗೆ ಕಂಪನಿ ಕೊಡೂದಿಲ್ರಿ."

ಅವ್ವ ನನ್ನತ್ತ ತಿರುಗಿದಳು. "ಹೋಗ್ಲಿ ಬಿಡವಾ, ಸಣ್ಣದ ಮಾಡ್ಸು. ನಾ ಅಲ್ಲಿ ಕೆಮ್ಮೂದಿಲ್ಲ."

ಬ್ಯಾಡಗಿ ಮುಟ್ಟುವತನಕ ಬಸ್ಸಿನಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಅವ್ವ ಈಗಿನಿಂದಲೇ ರೂಢಿ ಮಾಡುತ್ತಿದ್ದಳು. ಖರೇ ಬರೆದದ್ದಕ್ಕೆ ನನಗೆ ಸಿಕ್ಕದ್ದು ಇಷ್ಟು.

ಇಂದಿನ ಟಪಾಲು ಹೋಗಿಬಿಟ್ಟಿದೆ. ಇದನ್ನು ಡಬ್ಬಿಗೆ ಹಾಕುವುದು ನಾಳೆ, ಜೂನ್ 11, 1996.