ಆಪರೇಷನ್ ಆದಾಕಿ ಬಸುರಾದಾಗ

ವಿಜಯನಗರ ಬೇರೆ ಜಿಲ್ಲೆಯಾಗಿ ಒಂದು ವರ್ಷ ಕಳೆದಿತ್ತು. ಜನ ಮಾತ್ರ ಆಸ್ಪತ್ರೆ ಚೀಟಿಯ ಮೇಲೆ ಇನ್ನೂ ಬಳ್ಳಾರಿ ಜಿಲ್ಲಾ ಎಂದೇ ಬರೆಸುತ್ತಿದ್ದರು. ಈ ಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಆಗ ಸ್ತ್ರೀರೋಗ ತಜ್ಞೆಯಾಗಿದ್ದೆ. ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಅಲ್ಲಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಎಂದು ಸುತ್ತಮುತ್ತಲೇ ವರ್ಗವಾಗುತ್ತ ನೌಕರಿ ಮುಗಿಸುತ್ತ ಬಂದವಳು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ನಾಲ್ಕೂ ಕಡೆ ಗೊತ್ತಿದ್ದ ಸಂಗತಿ. ಸುಳ್ಳಲ್ಲ.

ಅಂದು ಸಂತೆಯ ದಿನ, ಒಪಿಡಿ ತುಂಬಿತ್ತು. ಕೊಟ್ಟೂರು ಕಡೆಯ ಹಂಪಮ್ಮ ಎಂಬ ಹೆಂಗಸು ತನ್ನ ಸೊಸೆ ರೇಣುಕಾಳನ್ನು ತೋಳು ಹಿಡಿದು ಒಳಗೆ ಕರೆತಂದಳು. ಸೊಸೆಗೆ ಇಪ್ಪತ್ತೆಂಟರ ಆಸುಪಾಸು. ಎರಡು ಮಕ್ಕಳ ತಾಯಿ. ಎರಡನೆಯ ಹೆರಿಗೆಯ ಬೆನ್ನಲ್ಲೇ ಟ್ಯೂಬೆಕ್ಟಮಿ, ಅಂದರೆ ಮಕ್ಕಳಾಗದ ಹಾಗೆ ಆಪರೇಷನ್, ಆಗಿತ್ತು.

“ಗ್ಯಾಸ್ ಆಗೈತ್ರಿ ಮೇಡಂ. ನಿನ್ನಿ ಮಂಡಕ್ಕಿ ಮಿರ್ಚಿ ತಿಂದಿದ್ಲು. ಒಂದು ಸೂಜಿ ಮಾಡಿ ಕಳಿಸಿಬಿಡ್ರಿ, ಮನ್ಯಾಗ ಕೆಲಸ ಐತಿ” ಎಂದಳು ಹಂಪಮ್ಮ.

ರೇಣುಕಾ ಬಿಳಿಚಿಕೊಂಡಿದ್ದಳು. ನಾಡಿ ಓಡುತ್ತಿತ್ತು, ಬಿಪಿ ಇಳಿದಿತ್ತು. ಮೇಜಿನ ಮೇಲೆ ಮಲಗಿಸಿದ ಕೂಡಲೇ ಬಲಭುಜ ಹಿಡಿದುಕೊಂಡು, “ಮಕ್ಕೊಂಡ್ರ ಇಲ್ಲಿ ಹರಿದಂಗ ಆಗತೈತ್ರಿ” ಎಂದಳು. ಹೊಟ್ಟೆಯೊಳಗೆ ರಕ್ತ ಸೋರಿ ಮೇಲಕ್ಕೆ, ಎದೆಗೂ ಹೊಟ್ಟೆಗೂ ನಡುವಿನ ವಪೆಯವರೆಗೆ ಹರಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಮಿರ್ಚಿಗೂ ಭುಜಕ್ಕೂ ಯಾವ ನಂಟೂ ಇಲ್ಲ.

ಮುಟ್ಟು ಯಾವಾಗ ಆಯಿತು ಎಂದು ಕೇಳಿದೆ. ಉತ್ತರ ಅತ್ತೆಯಿಂದ ಬಂತು: “ಅಕಿಗೆ ಆಪರೇಷನ್ ಆಗೈತಲ್ರಿ, ಅದನ್ನ್ಯಾಕ ಕೇಳ್ತೀರಿ?” ಸೊಸೆ ಗೋಡೆ ನೋಡುತ್ತ, “ಮೊನ್ನಿ ಹೊರಗಾಗಿದ್ದೆರಿ” ಎಂದಳು.

ನಮ್ಮ ಕಡೆ ‘ಆಪರೇಷನ್ ಆಗೈತಿ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಅಂಥವಳ ಮುಟ್ಟು ನಿಂತರೆ, ಅದನ್ನು ಬಾಯಿ ಬಿಟ್ಟು ಹೇಳುವುದೆಂದರೆ ತನ್ನ ಮೇಲೆ ತಾನೇ ದೂರು ಕೊಟ್ಟ ಹಾಗೆ. ಹಂಪಮ್ಮನನ್ನು ಹೊಸ ಚೀಟಿ ಮಾಡಿಸಲು ಕಳಿಸಿ, ಬಾಗಿಲು ಹಾಕಿ ಮತ್ತೆ ಕೇಳಿದೆ.

“ಒಂದು ತಿಂಗಳಾ ಮ್ಯಾಲಾತ್ರಿ. ಯಾರ ಮುಂದ ಹೇಳ್ಲಿ? ದೇವರಾಣಿ ಮೇಡಂ, ನಾ ಯಾರ ಮಾರಿನೂ ನೋಡಿದಾಕಿ ಅಲ್ಲ.”

“ನಾ ಅದನ್ನ ಕೇಳಿದ್ನೇನವ್ವಾ? ನಿನ್ನ ಜೀವ ಉಳಸಾಕ ಕೇಳಿದೆ” ಎಂದೆ.

ಮೂತ್ರದ ಪರೀಕ್ಷೆ ಮಾಡಿದ ಶಮೀಮ್ ಸಿಸ್ಟರ್ ಬಾಗಿಲಲ್ಲೇ ನಿಂತು “ಪಾಸಿಟಿವ್ ಮೇಡಂ” ಎಂದಳು. ಚೀಟಿ ಹಿಡಿದ ಹಂಪಮ್ಮ ಅವಳ ಬೆನ್ನಿಗೇ ಇದ್ದಳು. ಆ ಒಂದು ಇಂಗ್ಲಿಷ್ ಪದ ಈಗ ಎಲ್ಲ ಹಳ್ಳಿಯವರಿಗೂ ಗೊತ್ತು. ಆಕೆ ಸೆರಗಿನಿಂದ ಮೊಬೈಲ್ ತೆಗೆದು ಹೊರಗೆ ಹೋದಳು.

ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ, ಹೊಟ್ಟೆಯ ತುಂಬ ರಕ್ತ. ಅಂಡಾಶಯದಿಂದ ಬಿಡುಗಡೆಯಾದ ಅಂಡ ಮೊದಲು ಪಕ್ಕದ ಫೆಲೋಪಿಯನ್ ನಾಳಕ್ಕೆ ಸೇರುತ್ತದೆ. ವೀರ್ಯಾಣು ಬಂದು ಅದನ್ನು ಕೂಡುವುದೂ ಅಲ್ಲಿಯೇ. ಹಾಗೆ ಫಲಿತವಾದ ಅಂಡ ನಾಳದಲ್ಲಿ ಮೆಲ್ಲಗೆ ಸಾಗಿ ಗರ್ಭಕೋಶಕ್ಕೆ ಇಳಿದು ಬೇರೂರಬೇಕು. ಟ್ಯೂಬೆಕ್ಟಮಿಯಲ್ಲಿ ಈ ನಾಳವನ್ನೇ ಕತ್ತರಿಸಿ ಕಟ್ಟುತ್ತೇವೆ. ಆದರೆ ಅಪರೂಪಕ್ಕೆ ಕತ್ತರಿಸಿದ ತುದಿಗಳು ಮಾಯುವಾಗ ನಡುವೆ ಕೂದಲೆಳೆಯಷ್ಟು ದಾರಿ ತೆರೆದುಕೊಳ್ಳುತ್ತದೆ. ಸೂಕ್ಷ್ಮವಾದ ವೀರ್ಯಾಣು ಅದರಲ್ಲಿ ನುಸುಳುತ್ತದೆ. ಬೆಳೆಯತೊಡಗಿದ ಅಂಡ ಹೊರಬರಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಾಳ ಒಡೆಯುತ್ತದೆ. ಇದಕ್ಕೆ ಎಕ್ಟೋಪಿಕ್ ಪ್ರೆಗ್ನೆನ್ಸಿ ಎನ್ನುತ್ತೇವೆ. ತಡವಾದರೆ ತಾಯಿ ಉಳಿಯುವುದಿಲ್ಲ.

ಅಷ್ಟರಲ್ಲಿ ಗಂಡ ಬಂದ. ಕೋಟ್ರೇಶ ಅವನ ಹೆಸರು, ಬಸ್ ಸ್ಟ್ಯಾಂಡ್ ಹಿಂದೆ ಟ್ರ್ಯಾಕ್ಟರ್ ಟ್ರೈಲರ್ ಮಾಡುವ ವೆಲ್ಡಿಂಗ್ ಅಂಗಡಿ. ಸ್ಟ್ರೆಚರ್ ಮೇಲಿದ್ದ ಹೆಂಡತಿಯ ಎದುರೇ ನನ್ನನ್ನು ಕೇಳಿದ:

“ಆಪರೇಷನ್ ಮಾಡಿದೋರು ಸರ್ಕಾರದೋರು, ಬಸುರಿ ಅನ್ನೋರೂ ಸರ್ಕಾರದೋರು. ಎರಡ್ರಾಗ ಯಾವ್ದು ಖರೆ? ಮೊದ್ಲು ಯಾರ್ದಂತ ಹೇಳ್ಲಿ ಅಕಿ. ಆಮ್ಯಾಲ ಸಹಿ.”

ಹಾಗೆಂದವನೇ ಹೊರಟುಹೋದ. ರೇಣುಕಾ ಅಳಲಿಲ್ಲ. ಅಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಶಮೀಮ್ ಕಾಗದ ಹಿಡಿದು ಬಾಗಿಲ ಕಡೆ ನೋಡುತ್ತ ನಿಂತಳು. “ಗಂಡನ ಸಹಿ ಇಲ್ದ ಥಿಯೇಟರಿಗೆ ಹೆಂಗ ಒಯ್ಯೋದ್ರಿ ಮೇಡಂ? ನಾಳಿ ಗಲಾಟಿ ಮಾಡಿದ್ರ?” ಅವಳೊಬ್ಬಳ ಮಾತಲ್ಲ ಅದು, ನಮ್ಮ ಆಸ್ಪತ್ರೆಗಳಲ್ಲಿ ಬೇರೂರಿದ ರೂಢಿ. ಕಾನೂನು ಹಾಗೆ ಹೇಳುವುದಿಲ್ಲ. ಪ್ರಾಯದ ಹೆಣ್ಣಿಗೆ ಬುದ್ಧಿ ನೆಟ್ಟಗಿದ್ದರೆ ಅವಳ ಸಹಿ ಸಾಕು. ನನಗೆ ರೇಗಿತು.

“ಹೊಟ್ಟಿ ಯಾರದು? ಅಕಿದೋ ಅವಂದೋ? ಪೆನ್ನು ಅಕಿ ಕೈಯಾಗ ಕೊಡು!”

ರೇಣುಕಾ ಸಹಿ ಮಾಡಿದಳು. ಅಕ್ಷರ ಗೆರೆಯಿಂದ ಕೆಳಗಿಳಿದಿತ್ತು. ಅರಿವಳಿಕೆ ಕೊಡುವ ಮುನ್ನ ನನ್ನ ಕೈ ಹಿಡಿದು, “ನಾ ಸತ್ರೂ ಚಿಂತಿಲ್ರಿ. ನಂದೇನೂ ತಪ್ಪಿಲ್ಲಂತ ಅವರಿಗೆ ತೋರಸ್ರಿ ಮೇಡಂ” ಎಂದಳು. ಸಾಯುವ ಹೊತ್ತಿನಲ್ಲೂ ಹೆಣ್ಣಿಗೆ ಇದೇ ಚಿಂತೆಯೇ ಎಂದು ಸಂಕಟವಾಯಿತು.

ಹೊಟ್ಟೆ ತೆರೆದಾಗ ಬಲನಾಳ ಹಳೆಯ ಗಾಯದ ಪಕ್ಕದಲ್ಲೇ ಒಡೆದಿತ್ತು. ಅದನ್ನು ತೆಗೆದೆವು. ಮುಂದೆ ಮತ್ತೆ ಹೀಗಾಗದಿರಲೆಂದು, ಅವಳ ಒಪ್ಪಿಗೆ ಮೊದಲೇ ಪಡೆದಿದ್ದರಿಂದ, ಎಡಭಾಗದ್ದನ್ನೂ ತೆಗೆದೆವು. ರಕ್ತ ಏರಿಸುತ್ತಿದ್ದಂತೆ ಬಿಪಿ ಮೆಲ್ಲಗೆ ಮೇಲೆ ಬಂತು.

ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸುವ ಮುನ್ನ ಮನೆಯವರಿಗೆ ತೋರಿಸುವುದು ನಮ್ಮಲ್ಲಿ ವಾಡಿಕೆ. ಟ್ರೇ ಹಿಡಿದು ನಾನೇ ಹೊರಗೆ ಹೋದೆ. ಕೋಟ್ರೇಶ ಆಂಬುಲೆನ್ಸ್ ಶೆಡ್ಡಿನ ನೆರಳಲ್ಲಿ ಕೂತಿದ್ದ, ಮನೆಗೆ ಹೋಗಿರಲಿಲ್ಲ. ನಾಳ, ಹಳೆಯ ಗಾಯ, ಒಡೆದ ಜಾಗ, ಎಲ್ಲವನ್ನೂ ತೋರಿಸಿ ಬಿಡಿಸಿ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

“ಕಟ್ ಮಾಡಿದ ಪೈಪು ತಾನಾ ಕೂಡತೈತೇನ್ರಿ ಮೇಡಂ? ನನ್ನ ಕಸುಬಾ ಅದು.”

ಅವನ ಮುಂಗೈಯಲ್ಲಿ ಉದ್ದನೆಯ ಹಳೆಯ ಗಾಯದ ಗುರುತು ಕಂಡಿತು. “ಇದೇನು ತಮ್ಮಾ?” ಎಂದೆ.

“ಗ್ರೈಂಡರ್ ಬಡದಿತ್ರಿ.”

“ಇದಕ್ಕ ಯಾರು ಬೆಸುಗಿ ಹಾಕಿದ್ರು?”

“ಯಾರ್ ಹಾಕ್ತಾರ್ರಿ, ತಾನಾ ಕೂಡ್ಕೊಂತು” ಎಂದ. ಕೈ ನೋಡಿಕೊಂಡ. ಟ್ರೇ ನೋಡಿದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ನೀನು ಏನು ಕಂಡಿದ್ದೆಯಪ್ಪಾ ಎಂದು ಬೈಯಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನೇ ಸಣ್ಣ ದನಿಯಲ್ಲಿ, “ಅಕಿ ಉಳಿತಾಳೇನ್ರಿ?” ಎಂದ. ಬಂದ ಕೂಡಲೇ ಕೇಳಬೇಕಾಗಿದ್ದ ಮಾತು ಅದು.

ಉಳಿದಳು. ವಾರ್ಡಿನಲ್ಲಿ ಅವನು ಕಣ್ಣೀರು ಹಾಕಿ ತಪ್ಪಾಯಿತು ಎಂದ. ಹಂಪಮ್ಮ ದಿನವೂ ಗಂಜಿ ತಂದಳು. ಎಲ್ಲ ಸರಿಹೋಯಿತು ಎಂದುಕೊಂಡು ನಾನು ಒಳಗೊಳಗೇ ಬೀಗಿದ್ದೂ ಉಂಟು.

ಹೊಲಿಗೆ ಬಿಚ್ಚುವ ದಿನ ಕೋಟ್ರೇಶ ಬಾಗಿಲ ಹೊರಗೆ ನಿಂತಿದ್ದ. “ಈಗ ನಿನ್ನ ಗಂಡಗ ಪೂರಾ ನಂಬಿಗಿ ಬಂದೈತಲ್ಲವ್ವಾ” ಎಂದು ರೇಣುಕಾಳನ್ನು ನಗಿಸಲು ನೋಡಿದೆ. ಅವಳು ನಗಲಿಲ್ಲ.

“ನಂಬ್ಯಾನ್ರಿ. ತಟ್ಟಿಯಾಗಿನ ತುಂಡು ನೋಡಿ ನಂಬ್ಯಾನ. ಎಂಟು ವರ್ಷ ನನ್ನ ಮಾರಿ ನೋಡ್ಯಾನಲ್ರಿ ಮೇಡಂ, ಅದು ಸಾಲಲಿಲ್ಲೇನ್ರಿ?”

ನಾನು ತಲೆ ತಗ್ಗಿಸಿ ಉಳಿದ ಹೊಲಿಗೆಗಳನ್ನು ಬಿಚ್ಚಿದೆ.

ಆಮೇಲೆ ನಿವೃತ್ತಿಯಾಗುವವರೆಗೂ ಟ್ಯೂಬೆಕ್ಟಮಿಗೆ ಬಂದ ಪ್ರತಿ ಹೆಣ್ಣಿನ ಜೊತೆ ಗಂಡನನ್ನೂ ಕೂರಿಸಿಕೊಂಡು ಚಿತ್ರ ಬರೆದು ತೋರಿಸುತ್ತಿದ್ದೆ: ಇದು ನಾಳ, ಅಪರೂಪಕ್ಕೆ ಇದು ಮತ್ತೆ ಕೂಡಬಹುದು, ಮುಟ್ಟು ನಿಂತರೆ ಅವತ್ತೇ ಬರಬೇಕು. ಅಂಗರಚನೆಯ ಪಾಠ ಅಷ್ಟೇ. ಆದರೆ ಅಷ್ಟರಿಂದ ಸಾಲದು ಎಂಬುದನ್ನು ನನಗೆ ಕಲಿಸಿದವಳು ರೇಣುಕಾ. ಅದಕ್ಕೇ ಕೊನೆಗೆ ಗಂಡಂದಿರಿಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತಿದ್ದೆ: “ಹಂಗೇನರ ಆದ್ರ, ಯಾರ್ದು ಅಂತ ಕೇಳಬ್ಯಾಡ ತಮ್ಮಾ. ಹೆಂಗದಿ ಅಂತ ಕೇಳು.”